ಕೆಂಪು ಚುಕ್ಕೆಯ ಕಾರ್ಡುಗಳು

ಕ್ಯಾಮೆರಾ ಅಂಗಡಿಯ ಕೌಂಟರಿನ ಹಿಂದೆ ನಿಂತು ಜನಕ್ಕೆ ಬುದ್ಧಿ ಹೇಳುತ್ತ ನನ್ನ ಅರ್ಧ ಆಯುಸ್ಸು ಕಳೆಯಿತು. ಕೇಳುವವರು ಯಾರು? ಆಚೆ ದಡದ ಹಕ್ಕಿಯ ಕಣ್ಣು ಕಾಣಬೇಕೆಂದು ಮೊಳದುದ್ದದ ಲೆನ್ಸು ಕೊಳ್ಳುತ್ತಾರೆ. ಆ ಹಕ್ಕಿ ಹೋಗಿ ಕೂರಬೇಕಾದ ಮೆಮೊರಿ ಕಾರ್ಡಿನ ಮಾತು ಬಂದಾಗ ಮಾತ್ರ ಕೈ ಬಿಗಿಯಾಗಿ, ಇಂಟರ್ನೆಟ್ಟಿನಲ್ಲಿ ಹೆಸರಿಲ್ಲದ ಯಾವನೋ ಮಾರುವ ಅಗ್ಗದ್ದನ್ನು ತರಿಸುತ್ತಾರೆ. ದೊಡ್ಡದೊಂದರ ಬದಲು ಚಿಕ್ಕವೆರಡು ಇಟ್ಟುಕೊಳ್ಳಿ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತೆ ಅನ್ನುತ್ತೇನೆ. ಕ್ಯಾಮೆರಾದ ದೀಪ ಮಿನುಗುವಾಗ ಕಾರ್ಡು ಎಳೆಯಬೇಡಿ ಅನ್ನುತ್ತೇನೆ. ಹೂಂ ಹೂಂ ಅಂತ ತಲೆಯಾಡಿಸುತ್ತಾರೆ. ಆಮೇಲೆ ಅದೇ ಕಾರ್ಡು ಹಿಡಿದು, ಮೊಮ್ಮಗನ ಹುಟ್ಟುಹಬ್ಬ ಪೂರ್ತಿ ಹೋಯ್ತು ಡೋರೀನ್, ಏನಾದರೂ ಮಾಡು ಎಂದು ಬರುತ್ತಾರೆ.

ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವನು ಈ ಥಂಡರ್ ಬೇ ಊರಿಗೆಲ್ಲ ಒಬ್ಬನಿದ್ದಾನೆ, ಗೋರ್ಡನ್ ಪ್ರ್ಯಾಟ್. ಅವನನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಕ್ಯಾಮೆರಾ ಕ್ಲಬ್ಬು ತಿಂಗಳಿಗೊಮ್ಮೆ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತದೆ. ಮುಕ್ಕಾಲುವಾಸಿ ನಿವೃತ್ತರು. ಹಕ್ಕಿ, ಹಡಗು, ಹೆಪ್ಪುಗಟ್ಟಿದ ಸರೋವರ; ಅದೇ ಚಿತ್ರಗಳಿಗೆ ಅವರವರೇ ಬಹುಮಾನ ಕೊಟ್ಟುಕೊಳ್ಳುತ್ತಾರೆ. ಕಾಫಿಗೆ ಮುಂಚೆ ನಾನು ಒಂದಿಷ್ಟು ಹೊತ್ತು ಸಾಮಾನಿನ ಬಗ್ಗೆ ಮಾತಾಡುತ್ತೇನೆ: ಲೆನ್ಸು ಒರೆಸುವುದು ಹೇಗೆ, ಚಳಿಯಲ್ಲಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಯಾಕೆ ಇಡಬೇಕು, ಇಂಥವು. ಗೋರ್ಡನ್ ಕ್ಲಬ್ಬಿನ ಕಾರ್ಯದರ್ಶಿ. ಜಮೀನು ಅಳೆದು ಅಳೆದು ರಿಟೈರಾದವನು, ಕುರ್ಚಿಗಳನ್ನೂ ದಾರ ಹಿಡಿದ ಹಾಗೆ ಜೋಡಿಸುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ನಾನು ಹಗುರಾಗುತ್ತಿದ್ದೆ.

ಆರ್ವೊ ಕೋಸ್ಕೆಲಾ ಅದೇ ಕ್ಲಬ್ಬಿನ ಹಿರಿತಲೆ. ಫಿಲಂ ಕಾಲದವನು. ಡಿಜಿಟಲ್ ಬಂದ ಮೇಲೂ ಅವನ ಲೆಕ್ಕದಲ್ಲಿ ಕಾರ್ಡು ಅಂದರೆ ನೆಗೆಟಿವ್ವೇ. ನೆಗೆಟಿವನ್ನು ಉಜ್ಜಿ ತೊಳೆದು ಯಾರಾದರೂ ಮತ್ತೆ ಬಳಸುತ್ತಾರಾ? ಕಾರ್ಡೊಂದು ತುಂಬಿತೋ, ಅದರ ಅಂಚಿನಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ಕೆಳಕ್ಕೆ ಸರಿಸುತ್ತಿದ್ದ. ಹಾಗೆ ಮಾಡಿದರೆ ಕ್ಯಾಮೆರಾ ಅದರ ಮೇಲೆ ಬರೆಯುವುದೂ ಇಲ್ಲ, ಅಳಿಸುವುದೂ ಇಲ್ಲ. ಆಮೇಲೆ ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ, ಹೊಸ ಕಾರ್ಡಿಗೆಂದು ನನ್ನ ಅಂಗಡಿಗೆ ಬರುತ್ತಿದ್ದ. ಕ್ಲಬ್ಬಿನವರೆಲ್ಲ ಇದಕ್ಕೆ ನಗುತ್ತಿದ್ದರು.

"ಕಂಪ್ಯೂಟರಿಗೆ ಹಾಕ್ಕೋ, ಇನ್ನೊಂದು ಕಡೆ ಕಾಪಿ ಇಟ್ಕೋ, ಕಾರ್ಡು ಮತ್ತೆ ಬಳಸು ಮಾರಾಯ," ಅಂತ ನಾನೂ ಹೇಳಿ ಹೇಳಿ ಸಾಕಾಗಿದ್ದೆ.

"ನಿನಗ್ಯಾಕೆ ಹೊಟ್ಟೆನೋವು? ನಿನಗೆ ವ್ಯಾಪಾರ ಆಗ್ತಿಲ್ವಾ?"

"ಕಾರ್ಡು ಶಾಶ್ವತ ಅಲ್ಲ ಕಣೋ."

"ನಾನೂ ಅಲ್ಲ. ಆ ಚಿಕ್ಕದೊಂದು ಕೊಡು."

ಒಂದು ಸಲ ಆ ಡಬ್ಬಿಯನ್ನೇ ಅಂಗಡಿಗೆ ತಂದಿದ್ದ. ಕೆಲವು ಕಾರ್ಡುಗಳ ಬೆನ್ನ ಮೇಲೆ ಕೆಂಪು ಚುಕ್ಕೆ ಇತ್ತು. ಉಗುರುಬಣ್ಣದ್ದು. ಇದೇನು ಅಂತ ಒಂದನ್ನು ಎತ್ತಿಕೊಳ್ಳಲು ಹೋದರೆ ಡಬ್ಬಿ ಮುಚ್ಚಿಬಿಟ್ಟ. ಇವು ನಿನಗಲ್ಲ ಅಂದ. ನಾನೂ ಕೆದಕಲಿಲ್ಲ.

ನವೆಂಬರಿನಲ್ಲಿ ಹಬೆಸ್ನಾನದ ಸೌನಾ ಒಲೆಗೆ ಸೌದೆ ಜೋಡಿಸುತ್ತಿದ್ದವನು ಅಲ್ಲೇ ಕುಸಿದ. ನೀರು ಕೇಳುವಷ್ಟೂ ಹೊತ್ತಾಗಲಿಲ್ಲವಂತೆ. ಹೋದವನದು ಸುಖದ ಸಾವು ಎಂದು ಕಾಫಿ ಕುಡಿಯುತ್ತ ಎಲ್ಲರೂ ಅಂದರು. ಉಳಿದವರ ಸುಖದ ಮಾತು ಯಾರೂ ಎತ್ತಲಿಲ್ಲ.

ನಮ್ಮ ಕ್ಲಬ್ಬಿನಲ್ಲೊಂದು ಪದ್ಧತಿ ಇದೆ. ಸದಸ್ಯನೊಬ್ಬ ತೀರಿಕೊಂಡರೆ ಅವನ ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು, ಚೀಲ ಎಲ್ಲವನ್ನೂ ಕ್ಲಬ್ಬಿನವರೇ ತಂದು, ಒರೆಸಿ, ಪರೀಕ್ಷೆ ಮಾಡಿ, ವಸಂತಕಾಲದ ಮಾರಾಟದಲ್ಲಿಟ್ಟು, ಬಂದದ್ದನ್ನು ಹೆಂಡತಿಗೋ ಗಂಡನಿಗೋ ತಲುಪಿಸುತ್ತಾರೆ. ಇಲ್ಲದಿದ್ದರೆ ಆ ವಿಧವೆಯರನ್ನು ಯಾರು ಯಾರೋ ಬಂದು ಯಾಮಾರಿಸುತ್ತಾರೆ. ಒಳ್ಳೆಯ ಪದ್ಧತಿಯೇ. ಈ ಸಲ ಆ ಕೆಲಸ ಗೋರ್ಡನ್ ಕೈಗೆ ಬಿತ್ತು.

ಮಾರ್ಚಿನಲ್ಲಿ, ಊರ ತುಂಬ ಇನ್ನೂ ಹಿಮ ಇರುವಾಗಲೇ, ಆರ್ವೊನ ಹೆಂಡತಿ ಹೆಲ್ವಿ ಟ್ಯಾಕ್ಸಿ ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಕೌಂಟರ್ ಮೇಲಿಟ್ಟರು. ಅವರಿಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಕಣ್ಣಿಗೇ ಸೂಜಿ ಚುಚ್ಚಿಸಿಕೊಂಡು ಬರುತ್ತಾರೆ.

"ಇದರಲ್ಲಿ ಕರೀನಾ ಎಲ್ಲಿದ್ದಾಳೆ ಹುಡುಕಿಕೊಡಮ್ಮ," ಅಂದರು. "ಐಲಾ ಈಸ್ಟರ್‌ಗೆ ಬರ್ತಾಳೆ."

ಕರೀನಾ ಅವರ ಒಬ್ಬಳೇ ಮಗಳು. ಕ್ಯಾನ್ಸರ್ ಆಗಿ, ಪುಟ್ಟ ಮಗುವನ್ನು ಎತ್ತಿಕೊಂಡು ತಾಯಿಮನೆಗೆ ಬಂದವಳು, ಅಲ್ಲೇ ತೀರಿಕೊಂಡಳು. ಮಗು ಐಲಾಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಪ್ಪ ಅವಳನ್ನು ವಿನ್ನಿಪೆಗ್‌ಗೆ ಕರೆದುಕೊಂಡು ಹೋದ. ಈಗ ಹೈಸ್ಕೂಲಿನ ಹುಡುಗಿ; ಮನೆಯ ಫಿನ್ನಿಶ್ ಮಾತಿನಲ್ಲಿ ಅಜ್ಜಿಯನ್ನು ಮುಮ್ಮು, ತಾತನನ್ನು ಉಕ್ಕಿ ಅಂತ ಕರೆಯುತ್ತಾಳೆ.

"ಅವಳಿಗೆ ಅಮ್ಮನ ಮುಖವೇ ನೆನಪಿಲ್ಲ ಡೋರೀನ್. ನೆನಪಿದೆ ಅಂತಾಳೆ, ಆದರೆ ಕೇಳಿದ್ರೆ ಅವಳು ಹೇಳೋದು ಮದುವೆ ಫೋಟೋದ ಮುಖ. ಅಮ್ಮ ನನ್ನ ಎತ್ಕೊಂಡಿರೋದು ನೋಡ್ಬೇಕು ಮುಮ್ಮು, ಅಂತ ಹೋದ ವಾರ ಫೋನಲ್ಲಿ ಅತ್ತಳು. ಎಂದೂ ಅಳದ ಹುಡುಗಿ."

"ಮೊಬೈಲಲ್ಲಿ ಯಾರೂ ತೆಗೆದಿಲ್ವಾ?"

"ಕರೀನಾ ಬಿಡ್ತಿರಲಿಲ್ಲ. ಕೂದಲು ಹೋಗಿತ್ತಲ್ಲ, ಹುಬ್ಬೂ ಹೋಗಿತ್ತು. ಯಾರಾದ್ರೂ ಫೋನ್ ಎತ್ತಿದ್ರೆ ಮುಖ ತಿರುಗಿಸ್ತಿದ್ಲು. ತನ್ನಪ್ಪ ಆರ್ವೊ ಒಬ್ಬರಿಗೆ ಮಾತ್ರ ಬಿಡೋಳು. ಅದಕ್ಕೂ ಕರಾರು ಹಾಕಿದ್ಲು: ಕಂಪ್ಯೂಟರಿಗೆ ಹಾಕಬಾರದು, ಯಾರಿಗೂ ಕಳಿಸಬಾರದು, ಐಲಾ ದೊಡ್ಡವಳಾಗಿ ತಾನೇ ಕೇಳೋವರೆಗೂ ಯಾರೂ ನೋಡಬಾರದು. ಅವರು ಒಪ್ಪಿಕೊಂಡ್ರು. ಆಮೇಲೆ ಹಾಕಿರ್ತಾರೆ ಅಂತ ನಾನು ಅಂದ್ಕೊಂಡೆ. ಎಲ್ಲರೂ ಹಾಕ್ತಾರಲ್ಲಮ್ಮ."

ಲ್ಯಾಪ್‌ಟಾಪನ್ನು ತೆರೆದು ನೋಡಿದೆ. ನೀರುಹಕ್ಕಿ, ನೀರುಹಕ್ಕಿ, ಅದಿರು ತುಂಬಿದ ಹಡಗು, ಮತ್ತೆ ನೀರುಹಕ್ಕಿ. ಕ್ಲಬ್ಬಿನ ಸ್ಪರ್ಧೆಗೆ ಕಳಿಸಲು ಹಾಕಿಕೊಂಡವು ಮಾತ್ರ. ಮನುಷ್ಯರ ಮುಖ ಒಂದೂ ಇಲ್ಲ. ಮಾತು ಕೊಟ್ಟರೆ ಆರ್ವೊ ಉಳಿಸಿಕೊಳ್ಳುವವನೇ. ಆಗ ನನಗೆ ಕೆಂಪು ಚುಕ್ಕೆಗಳು ನೆನಪಾದವು.

"ಹೆಲ್ವೀ, ನಿಮ್ಮ ಉಗುರುಬಣ್ಣ ಅವನು ತಗೊಳ್ತಿದ್ನಾ?"

"ಹೂಂ, ಅದೇನೋ ಗುರುತು ಹಾಕೋಕೆ ಅಂತ. ನಾನು ಹಚ್ಚಿಕೊಳ್ಳೋದು ಬಿಟ್ಟೇ ಎಷ್ಟೋ ಕಾಲ ಆಗಿತ್ತು."

"ಆ ಬಿಸ್ಕತ್ತಿನ ಡಬ್ಬಿ ಎಲ್ಲಿ?"

"ಗೋರ್ಡನ್ ತಗೊಂಡು ಹೋದ. ಎಲ್ಲಾ ಸೇರಿಸಿ ಕೊಟ್ಟೆ. ಪ್ಲಾಸ್ಟಿಕ್ ಚೂರುಗಳು ತಾನೇ?"

ಅಂಗಡಿಗೆ ಬೀಗ ಹಾಕಿದೆ. ಅವರನ್ನು ಮನೆಗೆ ಬಿಟ್ಟು ನೇರ ಗೋರ್ಡನ್ ಮನೆಗೆ ಹೋದೆ.

ಅವನ ನೆಲಮಾಳಿಗೆಯಲ್ಲಿ ಉದ್ದದ ಮೇಜಿಗೆ ಬಿಳಿ ಹಾಸಿಗೆ ಬಟ್ಟೆ ಹೊದಿಸಿ, ಆರ್ವೊನ ಸಾಮಾನನ್ನೆಲ್ಲ ಸಾಲಾಗಿ ಇಟ್ಟಿದ್ದ. ಲೆನ್ಸುಗಳು ಫಳಫಳ ಹೊಳೆಯುತ್ತಿದ್ದವು. ಕ್ಯಾಮೆರಾದ ಬೆಲ್ಟಿನ ಕೊಳೆಯನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದಿದ್ದ. ಮೇಜಿನ ಕೊನೆಯಲ್ಲಿ ಕಾರ್ಡುಗಳು, ಒಂದೊಂದೂ ಹೊಸ ಪ್ಲಾಸ್ಟಿಕ್ ಗೂಡಿನೊಳಗೆ. ಒಂದರ ಮೇಲೂ ಚುಕ್ಕೆ ಇರಲಿಲ್ಲ.

"ಕೆಂಪಗೆ ಏನೋ ಮೆತ್ತಿತ್ತಲ್ಲ ಇವಕ್ಕೆ?"

"ಆ ಗಲೀಜಾ? ಬಣ್ಣ ತೆಗೆಯೋ ದ್ರಾವಣ ಹಾಕಿ ಉಜ್ಜಿದೆ. ಗುರುತೇ ಇಲ್ಲ ನೋಡು." ಅವನು ಒಂದನ್ನು ಬೆಳಕಿಗೆ ಹಿಡಿದು ತೋರಿಸಿದ. "ಪಾಪ, ಆರ್ವೊ ಎಲ್ಲದಕ್ಕೂ ಬೀಗ ಒತ್ತಿಟ್ಟಿದ್ದ. ಒಂದೊಂದನ್ನೂ ನಾನೇ ಬಿಡಿಸ್ದೆ."

"ಫಾರ್ಮ್ಯಾಟ್ ಮಾಡಿದ್ಯಾ ಗೋರ್ಡನ್?"

"ಮತ್ತೆ? ಹಾಗೇ ಮಾರೋಕಾಗುತ್ತಾ?"

ನನಗೆ ಇನ್ನೂ ಆಸೆ ಇತ್ತು. ಬರೀ ಫಾರ್ಮ್ಯಾಟ್ ಮಾಡಿದರೆ ಚಿತ್ರ ಎಲ್ಲಿಗೂ ಹೋಗುವುದಿಲ್ಲ. ವಿಳಾಸ ಅಳಿಸುತ್ತದೆ, ಮನೆ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದೇನನ್ನೂ ತುಂಬದಿದ್ದರೆ ಸಾಕು, ಅಂಗಡಿಯ ಕಂಪ್ಯೂಟರಿಗೆ ಹಾಕಿ ಮುಕ್ಕಾಲುಪಾಲು ಎತ್ತಿಕೊಡಬಲ್ಲೆ. ಎಷ್ಟು ಜನಕ್ಕೆ ಎತ್ತಿಕೊಟ್ಟಿಲ್ಲ.

"ಬರೀ ಫಾರ್ಮ್ಯಾಟ್ ತಾನೇ?" ಅಂದೆ.

ಅವನಿಗೆ ಅವಮಾನವಾಯಿತು. "ನಾನೇನು ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದವನಾ? ಅಕ್ಟೋಬರ್ ಮೀಟಿಂಗಲ್ಲಿ ನೀನೇ ಹೇಳಿದ್ಯಲ್ಲ, ಮಾರೋ ಮುಂಚೆ ಫಾರ್ಮ್ಯಾಟ್ ಮಾಡಿದ್ರೆ ಸಾಲದು, ಕೊಂಡವರು ಯಾರು ಬೇಕಾದ್ರೂ ನಿಮ್ಮ ಸಂಸಾರ ಎಲ್ಲಾ ಎತ್ತಿ ನೋಡ್ತಾರೆ ಅಂತ. ತುದಿಯಿಂದ ತುದಿಗೆ ಬರೀ ಸೊನ್ನೆ ತುಂಬಿಸಿ ಹಳೇದನ್ನ ಅಳಿಸಿ ಅಂತ. ಹಾಗೇ ಮಾಡ್ದೆ. ಒಂದೊಂದಕ್ಕೂ ಎರಡೆರಡು ಸಲ. ವಾರ ಹಿಡೀತು."

ನಾನು ಹಾಗೆ ಹೇಳಿದ್ದು ನಿಜ. ನಾಳೆ ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ, ಯಾಕೆಂದರೆ ಅದು ಸರಿಯಾದ ಮಾತು. ಆದರೆ ಅಲ್ಲಿ ನಿಂತಿದ್ದಾಗ ನನ್ನ ನಾಲಿಗೆಯನ್ನು ನಾನೇ ಕಚ್ಚಿ ಉಗುಳಿಬಿಡಬೇಕು ಅನ್ನಿಸಿತು.

"ಅಳಿಸೋ ಮುಂಚೆ ಒಳಗೇನಿದೆ ಅಂತ ನೋಡ್ಲಿಲ್ವಾ?"

"ಸತ್ತವನ ಖಾಸಗಿ ಚಿತ್ರ ನೋಡೋದಾ? ಛೆ. ಅಷ್ಟೂ ಮರ್ಯಾದೆ ಇಲ್ವಾ ನನಗೆ?"

ನಾನು ಹೇಳಿದೆ. ಕರೀನಾ, ಮಗು, ಕರಾರು, ಕೆಂಪು ಚುಕ್ಕೆ, ಎಲ್ಲವನ್ನೂ ಮೆತ್ತಗೆ ಮಾಡದೆ ಹೇಳಿದೆ. ಗೋರ್ಡನ್ ಕುರ್ಚಿ ಎಳೆದುಕೊಂಡು ಕೂತ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಮತ್ತೆ ತೆಗೆದ. ಕಾರ್ಡುಗಳನ್ನು ಬಾಚಿ ನನ್ನ ಚೀಲಕ್ಕೆ ಸುರಿದುಕೊಂಡು ಅಂಗಡಿಗೆ ಬಂದೆ. ಸಂಜೆಯವರೆಗೂ ಒಂದಾದ ಮೇಲೊಂದರಂತೆ ಹಾಕಿ ನೋಡಿದೆ. ತಿಳಿದೂ ತಿಳಿದೂ ಹಾಕಿದೆ. ಒಂದು ಕಾರ್ಡಿನಲ್ಲೂ ಒಂದು ಉಗುರಿನಷ್ಟು ಚಿತ್ರ ಉಳಿದಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅಳಿಸಿದ ಕಾರ್ಡನ್ನು ನನ್ನ ಜನ್ಮದಲ್ಲಿ ನೋಡಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಗೋರ್ಡನ್ ಫೋನ್ ಮಾಡಿದ.

"ಏನಾದ್ರೂ ಸಿಕ್ತಾ?"

"ನೀನು ಮಾಡಿದ ಕೆಲಸ ಅಲ್ವಾ, ಹೇಗೆ ಸಿಗುತ್ತೆ?"

ಅವನು ಕೇಳಿದ: "ಹೆಲ್ವಿಗೆ ಹೇಳಲೇಬೇಕಾ ಡೋರೀನ್? ಕಾರ್ಡು ವರ್ಷಗಟ್ಟಲೆ ಬಿದ್ದಿದ್ರೆ ತಾನಾಗೇ ಕೆಡುತ್ತೆ ಅಂತ ನೀನೇ ಹೇಳ್ತೀಯ."

"ಕೆಡಬಹುದು. ಇವು ಕೆಟ್ಟಿರಲಿಲ್ಲ. ನೀನೇ ಹೋಗಿ ನಿನ್ನ ಬಾಯಿಂದ ಹೇಳು. ಇಲ್ಲದಿದ್ರೆ ನಾನು ಹೇಳ್ತೀನಿ."

"ಹೇಳ್ತೀನಿ," ಅಂದ. ಅವನು ಹೇಳಿದ ಮೇಲೆ ಮುಗಿಯಿತು, ಗೆರೆ ತಪ್ಪುವವನಲ್ಲ ಎಂದು ನಾನು ನಂಬಿಕೊಂಡೆ.

ಭಾನುವಾರ ಹೆಲ್ವಿ ಮನೆಗೆ ಹೋದೆ. ಹಿಂದಿನ ದಿನವೆಲ್ಲ ಹಿಮ ಸುರಿದು ಆಗಷ್ಟೇ ನಿಂತಿತ್ತು. ಏಲಕ್ಕಿ ಹಾಕಿದ ಪುಲ್ಲಾ ಬನ್ನು ಬೇಯುತ್ತಿದ್ದ ವಾಸನೆ ಬಾಗಿಲಿಗೇ ಬಂತು. ಅಳುತ್ತ ಮಲಗಿರುತ್ತಾರೆ ಅಂದುಕೊಂಡು ಹೋಗಿದ್ದ ನನಗೆ, ಅವರು ಹಿಟ್ಟು ನಾದುತ್ತ ನಿಂತಿದ್ದು ಕಂಡು ಆಶ್ಚರ್ಯವಾಯಿತು. ಮೇಜಿನ ಮೇಲಿನ ಗೋಡೆಯಲ್ಲಿ ಆರ್ವೊನ ಫೋಟೋ ಇರಲಿಲ್ಲ. ಮೊಳೆ ಮಾತ್ರ ಇತ್ತು.

"ಗೋರ್ಡನ್ ಬಂದು ಹೇಳಿದ್ನಾ?" ಅಂದೆ.

"ಹೇಳಿದ." ಅವರು ಹಿಟ್ಟನ್ನು ಮೇಜಿಗೆ ಅಪ್ಪಳಿಸಿದರು. "ಕಾರ್ಡು ಹಳೇದಾಗಿ ತಾನಾಗೇ ಅಳಿಸಿಹೋಗಿತ್ತಂತೆ. ಡೋರೀನ್ ಅಷ್ಟು ಬಡ್ಕೊಂಡ್ಳು, ಕಂಪ್ಯೂಟರಿಗೆ ಹಾಕು ಅಂತ, ಆರ್ವೊ ಕೇಳಲಿಲ್ಲ ಅಂದ. ಸರಿಯಾಗೇ ಅಂದ. ಆ ಮನುಷ್ಯ ಯಾರ ಮಾತು ಕೇಳಿದ್ದಾನೆ? ಮಗಳು ಸತ್ತ ಮೇಲಾದ್ರೂ ಒಂದು ಕಾಪಿ ಮಾಡಿಸ್ಬೇಕು ಅನ್ನೋ ಬುದ್ಧಿ ಬರಬೇಡವಾ? ನಿನ್ನೆಯೆಲ್ಲ ಬೈದೆ. ಇದ್ದಾಗಲೂ ಅಷ್ಟು ಬೈದಿರಲಿಲ್ಲ. ಫೋಟೋ ತೆಗೆದು ಬೀರುವಿನಲ್ಲಿ ಬೋರಲು ಹಾಕಿದೆ."

ಚುಕ್ಕೆ ಉಜ್ಜಿ ಹಾಕಿದವನು, ಬೀಗ ಬಿಡಿಸಿದವನು, ಎರಡೆರಡು ಸಲ ಅಳಿಸಿದವನು, ಈಗ ತಪ್ಪನ್ನೂ ಒರೆಸಿ ಸತ್ತವನ ಹೆಸರಿಗೆ ಬರೆದುಬಿಟ್ಟಿದ್ದ. ಕೂತುಕೊಳ್ಳಲೂ ಇಲ್ಲ, ಕೋಟೂ ತೆಗೆಯಲಿಲ್ಲ. ನಿಂತಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆರ್ವೊ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ಕಾರ್ಡುಗಳಿಗೆ ಬೀಗ ಹಾಕಿದ್ದ. ಅವನ ಕಾರ್ಡುಗಳು ಚೆನ್ನಾಗೇ ಇದ್ದವು.

ಹೆಲ್ವಿ ಕೈ ತೊಳೆದುಕೊಂಡರು. ಕುರ್ಚಿಯನ್ನು ತಡವಿ ಹಿಡಿದು ಕೂತರು. ಹೊರಗೆ ಅಂಗಳದಲ್ಲಿ ಸಲಿಕೆ ಹಿಮವನ್ನು ಕೆರೆಯುವ ಸದ್ದು ಶುರುವಾಯಿತು.

"ಯಾಕಮ್ಮ ಹೇಳ್ದೆ?" ಅಂದರು.

"ನಿಮಗೆ ನಿಜ ಗೊತ್ತಾಗಬೇಡವಾ?"

"ಗೊತ್ತಾಗಿ? ಹೊರಗೆ ಕೆರೀತಿರೋದು ಯಾರು ಗೊತ್ತಾ? ಅವನೇ. ಹಿಮ ನಿಂತ ಕೂಡಲೇ ಕರೀದೇ ಬರ್ತಾನೆ. ಮಂಗಳವಾರ ಕಣ್ಣಿನ ಸೂಜಿಗೆ ಕರ್ಕೊಂಡು ಹೋಗೋನೂ ಅವನೇ. ಔಷಧಿ, ಸಾಮಾನು, ಎಲ್ಲಾ ಅವನೇ. ನಾನೀಗ ಬಾಗಿಲು ತೆಗೆದು ಅವನ ಮುಖಕ್ಕೆ ಉಗಿದ್ರೆ, ನಾಳೆಯಿಂದ ನೀನು ಬರ್ತೀಯಾ?"

ನನ್ನ ಮಂಡಿಯ ಆಪರೇಷನ್ನು, ಅಂಗಡಿ, ಇನ್ನೂ ಏನೇನೋ ನನ್ನ ಬಾಯಿಗೆ ಬಂದವು. ಒಂದನ್ನೂ ಹೇಳಲಿಲ್ಲ.

"ನೋಡಿದ್ಯಾ," ಅಂದರು ಅವರು, ಮೆತ್ತಗೆ. "ಅವನ ಮೇಲೆ ಕೋಪ ಮಾಡ್ಕೊಳ್ಳೋಷ್ಟು ಅನುಕೂಲ ನನಗಿಲ್ಲ. ಆರ್ವೊನ ಮೇಲೆ ಮಾಡ್ಕೋತೀನಿ. ಬದುಕಿದ್ದಾಗಲೂ ಎಲ್ಲಾ ಅವರ ಮೇಲೇ ಹಾಕ್ತಿದ್ದೆ, ತಡ್ಕೊಂಡಿದ್ರು. ಇದನ್ನೂ ತಡ್ಕೋತಾರೆ. ನೀನು ಹೇಳಿಲ್ಲ, ನಾನು ಕೇಳಿಲ್ಲ."

ಅಷ್ಟರಲ್ಲಿ ಫೋನ್ ಬಂತು. ಅವರಿಗೆ ಗುಂಡಿಗಳು ಸರಿಯಾಗಿ ಕಾಣದ್ದರಿಂದ ಸ್ಪೀಕರಿಗೇ ಹಾಕುತ್ತಾರೆ. ಐಲಾ. ಆ ಹುಡುಗಿಯ ದನಿ ನಾನು ಅವತ್ತೇ ಮೊದಲು ಕೇಳಿದ್ದು.

"ಮುಮ್ಮು, ಸಿಕ್ತಾ?"

"ಇಲ್ಲ ಕಣೆ ಬಂಗಾರ. ಹಾಳಾಗಿಹೋಗಿದೆ. ನಿನ್ನ ಉಕ್ಕಿ ಕಾರ್ಡನ್ನು ಡಬ್ಬೀಲಿಟ್ಟು ಹಾಗೇ ಬಿಟ್ಟುಬಿಟ್ಟಿದ್ರು."

"ಉಕ್ಕಿ ಹಾಗೆ ಬಿಡಲ್ಲ."

"ಬಿಟ್ಟಿದ್ರು ಪುಟ್ಟಿ."

"ಬಿಡಲ್ಲ ಮುಮ್ಮು. ನೀನು ದೊಡ್ಡೋಳಾದ್ಮೇಲೆ ಕೊಡ್ತೀನಿ, ಜೋಪಾನವಾಗಿಟ್ಟಿದ್ದೀನಿ ಅಂತ ನನಗೇ ಹೇಳಿದ್ರು. ಅಂಗಡಿಯವರನ್ನ ಕೇಳಿದ್ಯಾ? ಕಾರ್ಡು ತಾನಾಗೇ ಅಳಿಸಿಹೋಗುತ್ತಾ?"

"ಅವಳು ಇಲ್ಲೇ ಇದ್ದಾಳೆ, ನೀನೇ ಕೇಳು," ಅಂದರು ಹೆಲ್ವಿ. ಮಂಜುಗಣ್ಣಿನಿಂದ ನಾನಿದ್ದ ಕಡೆಗೆ ನೋಡಿದರು. ಹೊರಗಿನ ಸಲಿಕೆ ಸದ್ದು ಬಾಗಿಲ ಹತ್ತಿರಕ್ಕೆ ಬಂದಿತ್ತು.

"ಹೋಗುತ್ತಮ್ಮ," ಅಂದೆ. "ಹಳೇದಾದ್ರೆ ಕೆಲವು ಸಲ ಹಾಗಾಗುತ್ತೆ."

"ಅದು ಉಕ್ಕಿಗೆ ಗೊತ್ತಿತ್ತಾ?"

"ನಾನು ಹೇಳಿದ್ದೆ."

"ಹೇಳಿದ್ರೂ ಕೇಳಲಿಲ್ವಾ?"

"ಇಲ್ಲ," ಅಂದೆ. ಆ ಒಂದು ಮಾತಿನಷ್ಟು ಹೇಸಿಗೆಯ ಮಾತನ್ನು ನಾನು ನನ್ನ ಅಂಗಡಿಯ ಕೌಂಟರಿನ ಹಿಂದೆ ನಿಂತು ಎಂದೂ ಆಡಿಲ್ಲ.

ಆ ಕಡೆ ಹುಡುಗಿ ಅಳಲಿಲ್ಲ. "ನಾನು ಈಸ್ಟರ್‌ಗೆ ಬರಲ್ಲ ಮುಮ್ಮು," ಅಂದಳು. "ಆ ಮನೇಲಿ ಬಂದು ಏನು ನೋಡ್ಲಿ? ಅವರಿಬ್ರೂ ಇಲ್ಲ. ಈಗ ಉಕ್ಕಿನ ನೆನೆಸ್ಕೊಂಡ್ರೂ ಸಿಟ್ಟು ಬರುತ್ತೆ."

"ಬರ್ಬೇಡ ಕಣೆ. ನಿನಗೆ ಮನಸ್ಸಾದಾಗ ಬಾ," ಅಂದರು ಹೆಲ್ವಿ.

ಫೋನ್ ಇಟ್ಟ ಮೇಲೆ ಒಲೆಯಿಂದ ಬನ್ನು ತೆಗೆದರು. ಕಣ್ಣು ಕಾಣದಿದ್ದರೂ ಕೈ ಸುಟ್ಟುಕೊಳ್ಳಲಿಲ್ಲ. ತಟ್ಟೆಗೆ ಹಾಕಿ, ಮೂರು ಕಪ್ಪಿಗೆ ಕಾಫಿ ಬಗ್ಗಿಸಿದರು. ನನಗೆ ಬೇಡ ಅಂದೆ. ಕೇಳಿಸದವರಂತೆ ನನ್ನ ಮುಂದೆಯೂ ಒಂದನ್ನು ಇಟ್ಟು, ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರು.

"ಗೋರ್ಡನ್, ಕಾಫಿ ಆಗಿದೆ, ಬಾಪ್ಪ," ಅಂತ ಕರೆದರು.